ತಂಬೂರಿ ಕೂತ ಕುಳಿ

"ನಾನು ಈ ಮನಿಗೆ ಬಂದಾಗ ಅಪ್ಪೋರ ಹೆಸರು ಇನ್ನೂ ಹೊಳೆ ದಾಟಿರಲಿಲ್ಲ ಗಿರಿಯಕ್ಕ. ಗಂಡ ಸತ್ತು ಸಾರಥಿ ಊರಿಂದ ಬಂದೋಳಿಗೆ ಹಿಂದಿನ ಕೋಣಿ ಬಿಟ್ಟುಕೊಟ್ರು. ಹೊಳೆ ನೀರು ತರೋದು, ಕಸ ಹೊಡಿಯೋದು, ನೆಲ ಸಾರಿಸೋದು, ಇಷ್ಟೇ ನನ್ನ ಕೆಲಸ. ಅವರು ನಸುಕಿನಾಗೆ ತಂಬೂರಿ ಹಿಡಕೊಂಡು ಕುಂತ್ರೆ ಬಿಸಿಲು ಹೊಸ್ತಿಲಿಗೆ ಬರೋತನಕ ಏಳ್ತಿರಲಿಲ್ಲ. ಅದೇನು ಹಾಡ್ತಿದ್ರೋ, ನನಗೇನು ತಿಳೀತೈತೆ. ಬರೇ 'ಆ' ಅಂತಿದ್ರು. ಅದು ನಿಂತ ಮ್ಯಾಲೆ ನಾನು ಸಗಣಿ ಕಲಸಬೇಕು, ಅಷ್ಟೇ ಗೊತ್ತು. ಒಂದೇ ಜಾಗದಾಗೆ ತಂಬೂರಿ ಬುರುಡೆ ಊರಿ ಊರಿ ಮಣ್ಣಿನ ನೆಲ ಕುಳಿ ಬಿದ್ದಿತ್ತು. ಯಾರನ್ನಾ ದೊಡ್ಡೋರು ಬಂದ್ರೆ ಅಪ್ಪೋರು ನಾಚಿಕಿ ಪಟ್ಟು ಅದರ ಮ್ಯಾಲೆ ಚಾಪಿ ಎಳೀತಿದ್ರು. 'ಅಂಜಿನಿ, ಇದನ್ನೊಂದು ಮುಚ್ಚಬೇಕು ನೋಡು, ಬಂದೋರ ಕಾಲು ಉಳುಕೀತು' ಅಂತಿದ್ರು. ನಾನು ಇವತ್ತು, ನಾಳೆ ಅಂತ ತಳ್ಳಿದೆ. ಅಷ್ಟರಾಗೆ ಪುಣೆಗೆ ಹೋದ್ರು. ಹೋದೋರು ಬರಲೇ ಇಲ್ಲ."

ಅಂಜಿನವ್ವ ಇದನ್ನು ಹೇಳಿದ್ದು ಅರವತ್ಮೂರನೇ ಇಸವಿಯ ಶ್ರಾವಣದಲ್ಲಿ, ನಮ್ಮ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ. ಹರಿಹರದ ಹೊಳೆ ಕಡೆಯ ಓಣಿಯಲ್ಲಿ ನಮ್ಮ ಮನೆಗೂ ಗವಾಯಿ ಮಾಳಿಂಗಪ್ಪನವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಪುಣೆಗೆ ಹೋದ ಮೇಲೆ ಅವರ ಹಾಡಿನ ಪ್ಲೇಟುಗಳು ಬಂದವು, ದೊಡ್ಡ ಹೆಸರಾಯಿತು. ಹಿಂದಿನ ವರ್ಷ ಅಲ್ಲೇ ತೀರಿಕೊಂಡರು. ದಾವಣಗೆರೆಯಲ್ಲಿದ್ದ ಅವರ ತಮ್ಮನ ಮಗ ಮಲ್ಲೇಶಪ್ಪನಿಗೆ ಈ ಮನೆ ಬಂತು. ಇಷ್ಟು ವರ್ಷವೂ ಅಂಜಿನವ್ವ ಮಾತ್ರ ಯಾರೂ ಇಲ್ಲದ ಆ ಪಡಸಾಲೆಯನ್ನು ಗುಡಿಸಿ ಸಾರಿಸುತ್ತಲೇ ಇದ್ದಳು. ಯಾಕೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆ ವಾರ ಮಲ್ಲೇಶಪ್ಪ ಬಂದಿದ್ದ.

"ನೋಡವ್ವ, ಭಾನುವಾರ ದಾವಣಗೆರಿಯಿಂದ ಸಂಗೀತ ಸಭಾದೋರು ಮನಿ ನೋಡಾಕ ಬರ್ತಾರೆ. ಅವರ ಮನಸಿಗೆ ಬಂದ್ರೆ ತಗೊಂಡು ಗವಾಯಿಗಳ ಮನಿ ಅಂತ ಹಂಗೇ ಇಡ್ತಾರೆ. ನೀನೂ ಇದ್ದಲ್ಲೇ ಇರಬೌದು. ಇಲ್ಲಾಂದ್ರೆ ಕಟ್ಟಿಗಿ ಅಡ್ಡೆಯೋನು ಕಾಯ್ತಾ ಕುಂತಾನೆ, ಪಡಸಾಲಿ ತುಂಬ ಕಟ್ಟಿಗಿ ಪೇರಿಸ್ತಾನಂತೆ. ಚೊಕ್ಕ ಮಾಡಿಟ್ಟಿರು."

ಅಂಜಿನವ್ವ ಗೋಡೆಗೆ ಸುಣ್ಣ ಬಳಿದಳು. ಹೊಳೆ ದಂಡೆಯ ಕೆಂಪು ಮಣ್ಣನ್ನು ಪುಟ್ಟಿಯಲ್ಲಿ ಹೊತ್ತು ತಂದು, ಹೊಟ್ಟು ಸೇರಿಸಿ ತುಳಿದು, ಆ ಕುಳಿಗೆ ತುಂಬಿ ಕಲ್ಲಿನಿಂದ ಬಡಿದಳು. ಮೇಲೆ ಸಗಣಿ ಸಾರಿಸಿ ನನ್ನನ್ನು ಕರೆದು ತೋರಿಸಿದಳು. ಅಂಗೈ ಆಡಿಸಿದರೂ ಎಲ್ಲಿತ್ತು ಎಂದು ತಿಳಿಯುತ್ತಿರಲಿಲ್ಲ.

"ಅಪ್ಪೋರ ಮಾತು ಈಗ ನಡೆಸಿದೆ ನೋಡಕ್ಕ" ಅಂದಳು. ನನಗೂ ಚೆಂದವೇ ಕಂಡಿತು.

ಭಾನುವಾರ ವ್ಯಾನು ಬಂತು. ಬಂದವರೆಲ್ಲ ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟರು. ಒಬ್ಬಿಬ್ಬರು ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಒಳಗೆ ಬಂದು ಎಲ್ಲರೂ ತಲೆ ಬಗ್ಗಿಸಿ ನೆಲವನ್ನೇ ಹುಡುಕತೊಡಗಿದರು. ಅವರಲ್ಲಿ ಹಾಡು ಕಲಿಸುವ ಕಮಲಕ್ಕ ಎಂಬವರು ಕೇಳಿದರು:

"ಎಲ್ಲೈತವ್ವ ಆ ಕುಳಿ?"

"ಯಾವುದ್ರವ್ವ?"

"ತಂಬೂರಿ ಕೂತು ಕೂತು ನೆಲ ಸವೆದಿತ್ತು ಅಂತ ಗವಾಯಿಗಳೇ ರೇಡಿಯೋದಾಗೆ ಹೇಳಿದ್ರಲ್ಲ. 'ನಾನು ಎಷ್ಟು ಹಾಡಿದೆ ಅಂತ ಆ ಕುಳೀನ ಕೇಳ್ರಿ' ಅಂದಿದ್ರು. ಅದನ್ನು ನೋಡಾಕಂತಲೇ ಬಂದೀವಿ."

ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ರೇಡಿಯೋ ಇರಲಿಲ್ಲ. ಅಂಜಿನವ್ವನ ಮುಖ ಅರಳಿತು.

"ಅದಾ? ಇಲ್ಲೇ ಇತ್ರಿ. ನೀವು ಬರ್ತೀರಂತ ಮುಚ್ಚೀನಿ. ಹೆದರದಂಗೆ ಓಡಾಡ್ರಿ."

ಕೋಟು ಹಾಕಿದ್ದ ಒಬ್ಬರು, "ಭಾಳ ಉಪಕಾರ ಆತವ್ವ. ಬ್ಯಾರೆ ಏನನ್ನಾ ಉಳಿಸೀಯೋ ಹೆಂಗೆ?" ಅಂದರು. ಹಿಂದಿದ್ದವರು ನಕ್ಕರು.

"ಒಂದು ಚಾಪಿ ಇತ್ರಿ. ಗೆದ್ದಲು ತಿಂತು."

ಅವರು ಮತ್ತೆ ನಕ್ಕಾಗ, ಮುಚ್ಚಿದ್ದೇ ತಪ್ಪಾಯಿತೆಂದು ಅವಳಿಗೆ ತಿಳಿಯಿತು. ಒಳಗೆ ಹೋಗಿ ಕುಡುಗೋಲು ತಂದು, ಕುಕ್ಕರಗಾಲಲ್ಲಿ ಕೂತು ಅದರ ತುದಿಯಿಂದ ಹಸಿ ಮಣ್ಣು ಕೀಳತೊಡಗಿದಳು. ಕಮಲಕ್ಕ ಬಗ್ಗಿ ಅವಳ ಕೈ ಹಿಡಿದರು.

"ಬಿಡವ್ವ. ಈಗ ತೋಡಿದ್ರೆ ಅದು ನೀನು ತೋಡಿದ್ದಾಗ್ತೈತೆ."

ಎಲ್ಲರೂ ಅವಳು ಕೊಟ್ಟ ನೀರು ಕುಡಿದರು. ಗುಡಿಯ ಬಾಗಿಲು ಹಾಕುವುದರೊಳಗೆ ದರ್ಶನ ಮುಗಿಸಬೇಕು ಎಂದು ಹೊರಟರು.

ಗಣೇಶನ ಹಬ್ಬ ಕಳೆದ ಮೇಲೆ ಮಲ್ಲೇಶಪ್ಪ ಮತ್ತೆ ಬಂದ, ಒಳಗೆ ಬರಲಿಲ್ಲ.

"ಅವರು ಒಲ್ಲೆ ಅಂದ್ರವ್ವ. ನೋಡಾಕ ಏನೂ ಇಲ್ಲ ಅಂದ್ರು. ದಸರಾ ಆದ ಮ್ಯಾಲೆ ಕಟ್ಟಿಗಿಯೋರು ಬರ್ತಾರೆ."

"ನಾನೆಲ್ಲಿಗೆ ಹೋಗ್ಲಪ್ಪ?"

"ಸಾರಥಿಯಾಗೆ ಯಾರೂ ಇಲ್ಲೇನು?"

"ಇದ್ದಿದ್ರೆ ಇಲ್ಲಿಗ್ಯಾಕ ಬರ್ತಿದ್ದೆ?"

ಅವನು ಪಂಚೆಯ ತುದಿ ಕೊಡವಿಕೊಂಡು ಹೋದ.

ಮರುದಿನ ಬೆಳಗ್ಗೆ ನಾನು ಮಜ್ಜಿಗೆ ಕೊಡಲು ಹೋದಾಗ ಅಂಜಿನವ್ವ ಪಡಸಾಲೆಯಲ್ಲಿ ಮಣ್ಣು ಕಲಸುತ್ತಿದ್ದಳು. ಅಂದು ಕುಡುಗೋಲಿನಿಂದ ಕಿತ್ತಿದ್ದ ಜಾಗ ಹಾಗೇ ಇತ್ತು.

"ಇನ್ಯಾಕ ಈ ಉಸಾಬರಿ, ಬಿಡು" ಅಂದೆ.

"ಕಟ್ಟಿಗಿ ಹೊರೋರು ಬರ್ತಾರಲ್ಲಕ್ಕ. ತಲಿ ಮ್ಯಾಲೆ ಭಾರ ಇರ್ತೈತೆ, ಕಾಲಡಿ ಕಾಣಂಗಿಲ್ಲ."

ಕಿತ್ತ ಜಾಗಕ್ಕೆ ಮಣ್ಣು ತುಂಬಿ ಅಂಗೈಯಿಂದ ತಟ್ಟಿದಳು. ಬಕೆಟ್ಟಿನ ಸಗಣಿ ನೀರನ್ನು ಒಂದು ಸಲ ಕಲಕಿ, ಮೂಲೆಯಿಂದ ಹಿಡಿದು ಹಿಂದೆ ಹಿಂದೆ ಸರಿಯುತ್ತ, ಬಾಗಿಲ ತನಕ ನೆಲ ಸಾರಿಸಿದಳು.