ಗೌರತ್ತೆಯ ಹೆಸರಿನ ತಪ್ಪಲೆ

ಹೊಸ ಸ್ಟೀಲಿಗೂ ಒಂದು ವಾಸನೆ ಇರುತ್ತದೆ, ಗಮನಿಸಿದ್ದೀರಾ? ಎಣ್ಣೆ, ರಟ್ಟು, ಹಳೇ ಪೇಪರು ಎಲ್ಲ ಬೆರೆತ ವಾಸನೆ. ಇವತ್ತು ಬೆಳಿಗ್ಗೆ ವಿಜಯನಗರದ ಪಾತ್ರೆ ಅಂಗಡಿಯಲ್ಲಿ ಆ ವಾಸನೆಯ ನಡುವೆ ನಿಂತಿದ್ದೆ. ಎದುರಿಗೆ ನಾನು ಆರಿಸಿದ ಊಟದ ತಟ್ಟೆಗಳ ರಾಶಿ. ಅಂಗಡಿಯ ಯಜಮಾನರು ಹೆಸರು ಕೆತ್ತುವ ಪುಟ್ಟ ಮೆಷಿನ್ನನ್ನು ಕೈಗೆತ್ತಿಕೊಂಡು, "ಏನಂತ ಹೆಸರು ಹಾಕ್ಲಮ್ಮ?" ಎಂದರು. ಯಾರ ಹೆಸರು ಹಾಕಿಸಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ. ಒಂದು ನಿಮಿಷ ಇರಿ ಎಂದು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ.

ನಿಮಗೂ ಗೊತ್ತಲ್ಲ, ನಮ್ಮಲ್ಲಿ ಪಾತ್ರೆ ಉಡುಗೊರೆ ಕೊಟ್ಟರೆ ಅದರ ಮೇಲೆ ಕೊಟ್ಟವರ ಹೆಸರು ಇರಲೇಬೇಕು. ಪ್ರೀತಿಯ ಗುರುತು ಎನ್ನುತ್ತಾರೆ. ಮರೆತೀರಿ, ಜೋಕೆ ಎಂಬ ಎಚ್ಚರಿಕೆಯೂ ಹೌದು. ಆರ್‌ಪಿಸಿ ಲೇಔಟಿನ ನಮ್ಮ ಮನೆಯ ಅಟ್ಟದ ಮೇಲೆ ಹೀಗೆ ಇಡೀ ಬಳಗವೇ ಬೋರಲು ಬಿದ್ದಿತ್ತು. ಎಲ್ಲಕ್ಕಿಂತ ದೊಡ್ಡ ತಪ್ಪಲೆ ಗೌರತ್ತೆಯದು. ಗೌರತ್ತೆ ಎಂದರೆ ನನ್ನ ಮಾವನವರ ಅಕ್ಕ, ನಾಯಂಡಹಳ್ಳಿಯವರು. ನಮ್ಮ ಮನೆಯ ಗೇಟಿಗೆ ಬಣ್ಣ ಹೊಡೆಸಬೇಕಾದರೂ ಅವರನ್ನೊಂದು ಮಾತು ಕೇಳಬೇಕು. ಅವರು ಬೇಡ ಎಂದರೆ ಮುಗಿಯಿತು, ಗೇಟು ತುಕ್ಕು ಹಿಡಿಯಬೇಕು.

ಬೀದಿಯಲ್ಲಿ ಯಾರ ಮನೆಯಲ್ಲಿ ಸೀಮಂತ, ನಾಮಕರಣ ಆದರೂ ಪಾತ್ರೆಗೆ ನಮ್ಮಲ್ಲಿಗೇ ಬರುತ್ತಿದ್ದರು. ವಾಪಸು ಕೊಡುವಾಗ ಜೊತೆಗೊಂದು ಬಟ್ಟಲು ಪಾಯಸ. ಅದೇ ನನ್ನ ಅತ್ತೆಯ ಹೆಮ್ಮೆ. ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಪೇಪರ್ ತಟ್ಟೆ ಬೇಡ, ಸ್ಟೀಲೇ ಬೇಕು ಎನ್ನುವವರು ಹೆಚ್ಚುತ್ತಿದ್ದಾರೆ, ಇವನ್ನೇ ಬಾಡಿಗೆಗೆ ಕೊಟ್ಟರೆ ಹೇಗೆ? ಮಗಳು ಹೈಸ್ಕೂಲು ಸೇರಿದ್ದಳು. ನನ್ನದು ಎಂದು ಹೇಳಿಕೊಳ್ಳುವ ಒಂದು ಕೆಲಸ ನನಗೆ ಬೇಕಿತ್ತು. ಹಸಿದವರಿಗೆ ಊಟ ಬೇಕಲ್ಲ, ಅಷ್ಟು ಬೇಕಿತ್ತು.

ಪಾಯಸಕ್ಕೆ ಹೋಗಿಬರುವ ಪಾತ್ರೆಗೆ ದುಡ್ಡು ಕೇಳುವುದೇ ಎಂದು ಅತ್ತೆ ನಾಲ್ಕು ದಿನ ಮುಖ ಊದಿಸಿಕೊಂಡರು. ನನ್ನ ಗಂಡ ಮೊದಲು ಪ್ಲಾನ್ ಮಾಡು ಎಂದರು. ಸರಿ, ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಕೋಟು ಹಾಕಿದ ಒಬ್ಬಾತ ಬೋರ್ಡಿನ ಮೇಲೆ ವೃತ್ತದೊಳಗೆ ವೃತ್ತ ಬರೆದು, ನಿಮ್ಮ ಗ್ರಾಹಕರು ಯಾರು ಎಂದು ಗದರಿಸಿ ಕೇಳುತ್ತಿದ್ದ. ಮೂರನೇ ಕ್ರಾಸಿನವರು ಎಂದು ನಾನೂ ಜೋರಾಗಿ ಉತ್ತರ ಕೊಟ್ಟೆ. ಪಾತ್ರೆ ಇಡಲು ಮೆಟ್ಟಿಲ ಕೆಳಗಿನ ಜಾಗ, ಸಾಗಿಸಲು ಎದುರುಮನೆಯವರ ಆಟೋ. ಸೊಟ್ಟಗಾದರೆ ಏನು, ಸೌಟು ಕಳೆದರೆ ಏನು, ಎಲ್ಲ ಯೋಚಿಸಿದೆವು. ಪಾತ್ರೆಗಳ ಮೇಲಿದ್ದ ಹೆಸರುಗಳ ಬಗ್ಗೆ ಮಾತ್ರ ಯಾರೂ ಯೋಚಿಸಲಿಲ್ಲ. ವರ್ಷಗಟ್ಟಲೆ ನೋಡಿ ನೋಡಿ ಅವು ನಮ್ಮ ಕಣ್ಣಿಗೆ ಕಾಣುವುದನ್ನೇ ಬಿಟ್ಟಿದ್ದವು.

ಮೊದಲ ದೊಡ್ಡ ಆರ್ಡರು ಕಾಮಾಕ್ಷಿಪಾಳ್ಯದ ಒಂದು ನಾಮಕರಣ. ಪಾತ್ರೆ ಕಳಿಸಿ ಕಾಲು ನೀಡಿ ಕೂತಿದ್ದೆ, ಮಧ್ಯಾಹ್ನ ಫೋನು ಬಂತು. ಗೌರತ್ತೆ.

"ಕಾಮಾಕ್ಷಿಪಾಳ್ಯದಲ್ಲಿ ಊಟಕ್ಕೆ ಕೂತಿದೀನಿ ಕಣೇ. ಎದುರಿಗೆ ನನ್ನ ತಪ್ಪಲೆ ಕೂತದೆ. ಊಟ ಮುಗಿಸಿ ಬರ್ತೀನಿ, ಇರು."

ಅಕ್ಕರೆಯಿಂದ ಕೊಟ್ಟ ಉಡುಗೊರೆಯನ್ನು ಅವರನ್ನೊಂದು ಮಾತೂ ಕೇಳದೆ ಬಾಡಿಗೆಗೆ ಬಿಟ್ಟಿದ್ದೇವೆ! ಅವರು ಒಂದು ಮಾತು ಅಂದರೆ ಸಾಕು, ಮಿಕ್ಕ ನೆಂಟರೂ ತಮ್ಮ ತಮ್ಮ ಪಾತ್ರೆ ಕೇಳುತ್ತಾರೆ. ಆಮೇಲೆ ನನ್ನ ವ್ಯಾಪಾರಕ್ಕೆ ಉಳಿಯುವುದು ಮೆಟ್ಟಿಲ ಕೆಳಗಿನ ಜಾಗ ಮಾತ್ರ. ಅತ್ತೆಗೆ ದೇವರ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಗಂಡನಿಗೆ ಫೋನು ಮಾಡಿದರೆ ವರ್ಕ್‌ಶಾಪಿನಲ್ಲಿ ಅರ್ಜೆಂಟು ಎಂದು ಇಟ್ಟುಬಿಟ್ಟರು. ಧೈರ್ಯಶಾಲಿಗಳ ವಂಶ ನಮ್ಮದು.

ಗೌರತ್ತೆ ಬಂದರು. ಬಾಯಲ್ಲಿ ಎಲೆಅಡಿಕೆ, ಕೈಯಲ್ಲಿ ತಾಂಬೂಲದ ಚೀಲ. ನೀರು ಕೊಟ್ಟೆ, ಕುಡಿಯಲಿಲ್ಲ. ಬಡಿಸುವವರು ಯಾರೋ ತಪ್ಪಲೆಯ ಮೇಲಿನ ಹೆಸರು ಓದಿ, ಯಾರಪ್ಪ ಈ ಗೌರಮ್ಮ ಎಂದರಂತೆ. ಇವರು ನಾನೇ ಎಂದರಂತೆ. ಮಗುವಿನ ಅಜ್ಜಿ ಎದ್ದು ಬಂದು ಇವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರಂತೆ. ಇಷ್ಟು ಹೇಳಿ ಎಲೆಅಡಿಕೆ ಜಗಿಯುತ್ತ ಕೂತರು. ಇನ್ನು ತಡೆಯಲಾರದೆ ನಾನೇ ಕೇಳಿದೆ, ಬೇಜಾರಾಯ್ತಾ ಅತ್ತೆ ಎಂದು.

"ಆಗದೆ ಇರತ್ತಾ? ತಳ ನೋಡಿದ್ಯಾ ಅದರದ್ದು? ಕರೀ ಮಸಿ. ಅಷ್ಟು ಜನದ ಮುಂದೆ ನಾನೇ ಗೌರಮ್ಮ ಅಂತ ಹೇಳ್ಕೊಂಡ್ನಲ್ಲ, ನನ್ನ ಮಾನ ಹೋಯ್ತು. ಬಾಡಿಗೆಗಾದ್ರೂ ಕೊಡು, ದಾನವಾದ್ರೂ ಮಾಡು. ಉಜ್ಜಿ ಕೊಡು."

ನನಗೆ ನಗು ಬಂತೋ ಅಳು ಬಂತೋ, ಎರಡೂ ಬಂದವು. ದೇವರ ಮನೆಯಿಂದ ಅತ್ತೆಯೂ ಹೊರಗೆ ಬಂದರು.

ಸಂಜೆ ತಪ್ಪಲೆ ವಾಪಸು ಬರುವವರೆಗೂ ಗೌರತ್ತೆ ಕದಲಲಿಲ್ಲ. ಸೆರಗು ಸಿಕ್ಕಿಸಿ, ಹುಣಸೆಹಣ್ಣು, ಬೂದಿ ತರಿಸಿ, ತೆಂಗಿನ ನಾರಿನಲ್ಲಿ ತಾವೇ ಉಜ್ಜಿ ತೋರಿಸಿದರು. ಮುಂದಿನ ವಾರ ತಮ್ಮ ಅಟ್ಟದ ಪಾತ್ರೆಗಳನ್ನೂ ಆಟೋದಲ್ಲಿ ಹೇರಿಕೊಂಡು ಬಂದರು. ಸುದ್ದಿ ಹಬ್ಬಿ ಮಿಕ್ಕ ನೆಂಟರಿಗೂ ಹೊಟ್ಟೆಕಿಚ್ಚು ಶುರುವಾಯಿತು. ಅವರ ಹೆಸರು ಮಾತ್ರ ಊರೆಲ್ಲ ಮೆರೆಯಬೇಕೇ, ನಮ್ಮದೂ ಇರಲಿ ಎಂದು ಕೊಳಗ, ಬಕೆಟ್ಟು, ಸೌಟು ತಂದು ಸುರಿದರು. ಕೋಟಿನವನ ವೃತ್ತಗಳಲ್ಲಿ ಇದೆಲ್ಲ ಎಲ್ಲಿತ್ತು ಹೇಳಿ! ಈಗ ಬಸವೇಶ್ವರನಗರ, ಕೆಂಗೇರಿಯಿಂದಲೂ ಕರೆ ಬರುತ್ತದೆ. ಬೇರೆ ಕಡೆ ಕಡಿಮೆಗೆ ಸಿಗುತ್ತದೆ, ಆದರೆ ನಿಮ್ಮ ಪಾತ್ರೆ ಮತ್ತೆ ತೊಳೆಯಬೇಕಿಲ್ಲ ಎನ್ನುತ್ತಾರೆ. ಅದನ್ನು ಕೇಳುವಾಗ ನಾನು ಅರ್ಧ ಅಡಿ ಎತ್ತರವಾಗುತ್ತೇನೆ, ಸುಳ್ಳೇಕೆ ಹೇಳಲಿ.

ಇವತ್ತಿನ ತಟ್ಟೆಗಳು ಯಾರ ಅಟ್ಟದಿಂದಲೂ ಇಳಿದವಲ್ಲ. ನನ್ನ ಸಂಪಾದನೆಯಲ್ಲಿ ಕೊಂಡ ಮೊದಲ ಸೆಟ್ಟು. ಸ್ಟೂಲಿನ ಮೇಲಿಂದಲೇ ಗೌರತ್ತೆಗೆ ಫೋನು ಮಾಡಿ, ನಿಮ್ಮ ಹೆಸರೇ ಹಾಕಿಸಲಾ ಎಂದು ಕೇಳಿದೆ.

"ನನ್ನ ಹೆಸರು ಬೇಕಾದಷ್ಟು ಊರು ಸುತ್ತಿದೆ. ನಿಂದು ಹಾಕ್ಸು. ಇನ್ಮೇಲೆ ಮಸಿ ಇದ್ರೆ ನಿನ್ನ ಮಾನಾನೇ ಹೋಗ್ಲಿ" ಎಂದು ಫೋನು ಇಟ್ಟರು.

ಎದ್ದು ಹೋಗಿ ನನ್ನ ಹೆಸರು ಹೇಳಿದೆ. ಮೆಷಿನ್ನು ಕಿರ್ರೆಂದಿತು. ಮೊದಲ ತಟ್ಟೆ ಕೆತ್ತಿ ಉಫ್ ಎಂದು ಊದಿದ ಯಜಮಾನರು, "ಯಾರ ಮದ್ವೆಗಮ್ಮ ಇಷ್ಟೊಂದು?" ಎಂದು ಕೇಳಿದರು.

"ಮದ್ವೆಗಲ್ಲ ಸಾರ್, ನನ್ನ ಅಂಗಡಿಗೆ" ಎಂದೆ. "ಎಲ್ಲಾದಕ್ಕೂ ಹಾಕಿ. ಒಂದೂ ಬಿಡಬೇಡಿ."