ಹನ್ನೆರಡು ಇಪ್ಪತ್ತೊಂದರ ಅಕ್ಷತೆ

ಪುಣೆಯ ಕೋರ್ಟಿನ ಹತ್ತಿರ ಒಬ್ಬ ವಕೀಲರ ಕಚೇರಿಗೆ ಜೂನಿಯರ್ ಆಗಿ ಸೇರಿದ ಹೊಸದರಲ್ಲಿ ನನ್ನ ಕೈಗೆ ಬಂದ ಮೊದಲ ಅಪೀಲು ಒಬ್ಬ ಅಡುಗೆಯವರದು. ವಕೀಲರು ಧಾರವಾಡದ ಕಡೆಯವರು, ನಾನು ವಿಜಯಪುರದವಳು, ಅಡುಗೆಯವರು ಬಾಗಲಕೋಟೆಯ ಹತ್ತಿರದವರು. ಹೀಗಾಗಿ ಕಚೇರಿಯೊಳಗೆ ಕನ್ನಡ, ಬಾಗಿಲು ದಾಟಿದರೆ ಮರಾಠಿ.

ಪ್ರಕರಣ ಇಷ್ಟೇ. ಬಿಬವೇವಾಡಿಯ ಮಾರ್ಕೆಟ್ಟಿನಲ್ಲಿ ಒಂದು ಮಧ್ಯಾಹ್ನ ಗಾಡಿ ನಿಲ್ಲಿಸುವ ಸಲುವಾಗಿ ಗದ್ದಲವಾಗಿ, ಯಾರೋ ಒಬ್ಬ ಹಿಂದಿನಿಂದ ಹೆಲ್ಮೆಟ್ ಬೀಸಿ ಇನ್ನೊಬ್ಬನ ಕೈ ಮುರಿದಿದ್ದ. ಪೊಲೀಸರಿಗೆ ಫೋನು ಹೋದದ್ದು ಹನ್ನೆರಡೂವರೆಗೆ. ಪೆಟ್ಟು ತಿಂದವನು ಹೊಡೆದವನ ಮುಖ ನೋಡಿರಲಿಲ್ಲ. ನೋಡಿದವರು ಎದುರಿನ ಬಳೆ ಅಂಗಡಿಯ ಹೆಂಗಸು ಒಬ್ಬರೇ. ಮುಂದಿನ ವಾರ ನಮ್ಮ ಅಡುಗೆಯವರು ಅಲ್ಲಿ ತೆಂಗಿನಕಾಯಿ ಆರಿಸುತ್ತಿದ್ದಾಗ ಆಕೆ, 'ಇವನೇ, ಇದೇ ಮೀಸೆ' ಎಂದು ಪೊಲೀಸರಿಗೆ ತೋರಿಸಿದರು.

ಆ ಹೊತ್ತಿಗೆ ತಾವು ಊರಿನ ಇನ್ನೊಂದು ಮೂಲೆಯ ಕೋಥರೂಡದಲ್ಲಿ ಕನ್ನಡದವರ ಮದುವೆಯೊಂದಕ್ಕೆ ಹೋಳಿಗೆ ಬೇಯಿಸುತ್ತಿದ್ದುದಾಗಿ ಅಡುಗೆಯವರು ಹೇಳಿದರು. ಅದಕ್ಕೆ ಸಾಕ್ಷಿಯಾಗಿ ಬಂದವರು ಅವರ ಜೊತೆ ಹಿಟ್ಟು ನಾದುವ ಇಬ್ಬರು ಭಾವಮೈದುನರು. ಭಾವಮೈದುನರು ಇನ್ನೇನು ಹೇಳುತ್ತಾರೆ ಎಂದುಕೊಂಡು ಕೆಳಗಿನ ಕೋರ್ಟು ಒಂದು ವರ್ಷ ಶಿಕ್ಷೆ ಕೊಟ್ಟಿತ್ತು. ಜಾಮೀನಿನ ಮೇಲೆ ಹೊರಗಿದ್ದರೂ ಅವರನ್ನು ಮದುವೆ ಅಡುಗೆಗೆ ಕರೆಯುವವರು ಇರಲಿಲ್ಲ. ಬೇಸರಕ್ಕೆ ಮೀಸೆಯನ್ನೂ ಬೋಳಿಸಿಕೊಂಡಿದ್ದರು.

ಅಂಗಡಿಗೂ ಜಗಳ ನಡೆದ ಜಾಗಕ್ಕೂ ಎಷ್ಟು ದೂರ ಎಂದು ನೋಡಿ ಬರಲು ವಕೀಲರು ನನ್ನನ್ನು ಕಳಿಸಿದರು. ನಾನು ರಸ್ತೆಯಲ್ಲಿ ಹೆಜ್ಜೆ ಎಣಿಸುತ್ತಿರುವಾಗ ಬಳೆ ಅಂಗಡಿಯಾಕೆಯೇ ಕರೆದರು. ಹೋದ ವಾರ ಅತ್ತೆಯ ಜೊತೆ ಬಂದಿದ್ದಿರಲ್ಲ, ಹಸಿರು ಬಳೆ ಸರಿಯಾದವೇ ಎಂದು ಮರಾಠಿಯಲ್ಲಿ ಕೇಳಿದರು. ನಾನು ಆ ಅಂಗಡಿ ಕಂಡದ್ದೇ ಅವತ್ತು. ಮದುವೆಯೂ ಆಗಿರಲಿಲ್ಲ. ಹಾಗಂದರೆ ಆಕೆ ನಂಬಲಿಲ್ಲ. ಅತ್ತೆಯ ಮೇಲೆ ಸಿಟ್ಟು ಬಂದರೆ ಹೀಗೆ ಅನ್ನಬಾರದು ಎಂದು ಬುದ್ಧಿ ಹೇಳಿದರು. ಆಕೆಯ ದನಿಯಲ್ಲಿ ಎಷ್ಟು ಖಾತ್ರಿ ಇತ್ತೆಂದರೆ, ಬಸ್ಸಿನಲ್ಲಿ ಕೂತ ಮೇಲೆ ನನ್ನ ಕೈ ನಾನೇ ಒಮ್ಮೆ ನೋಡಿಕೊಂಡೆ.

ಕೇಸು ಗೆದ್ದೆವೆಂದೇ ತಿಳಿದು ಓಡಿ ಬಂದು ವಕೀಲರಿಗೆ ಎಲ್ಲ ಹೇಳಿದೆ. ಅವರು ಹೊಟ್ಟೆ ತುಂಬ ನಕ್ಕು, 'ನಿನಗ ಅತ್ತಿ ಸಿಕ್ಕಿದ್ದು ದಾಖಲೆದಾಗ ಇಲ್ಲವ್ವಾ. ಅಪೀಲು ದಾಖಲೆ ಮ್ಯಾಲೆ ನಡೀತದ' ಅಂದರು. ಹೊಸ ಪುರಾವೆ ಬೇಕಾದರೆ ಗಟ್ಟಿಯಾದದ್ದು ಬೇಕು, ಮದುವೆಯ ವಿಡಿಯೋ ತರಿಸು ಎಂದರು.

ಮದುವೆ ಮನೆಯವರು ಪೆನ್ ಡ್ರೈವ್ ಕೊಟ್ಟರು. ಆರು ತಾಸಿನ ವಿಡಿಯೋ. ಎರಡು ದಿನ ಕೂತು ನೋಡಿದೆ. ಮದುಮಗಳ ಸೋದರತ್ತೆ ಮೂರು ಸೀರೆ ಬದಲಿಸಿದ್ದು ಗೊತ್ತಾಯಿತು, ಅಡುಗೆಯವರು ಮಾತ್ರ ಎಲ್ಲೂ ಇಲ್ಲ. ಕ್ಯಾಮೆರಾದ ಗಡಿಯಾರ ಬೇರೆ ನಸುಕಿನ ಮೂರು ಗಂಟೆ ತೋರಿಸುತ್ತಿತ್ತು. ಅಷ್ಟರಲ್ಲಿ ಮುಹೂರ್ತ ಬಂತು. ಮದುಮಗಳ ಸೋದರಮಾವ, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಕೈಗಡಿಯಾರ ಕಣ್ಣಿಗೆ ಹಿಡಿದು ಮೈಕಿನಲ್ಲಿ ಒಂದೊಂದೇ ನಿಮಿಷ ಕೂಗುತ್ತಿದ್ದರು. 'ಹನ್ನೆರಡು ಇಪ್ಪತ್ತೊಂದು! ಅಕ್ಷತಾ ಹಾಕ್ರಿ!' ಜನ ಎದ್ದು ನಿಂತರು. ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಒಬ್ಬರು ಎಡಗೈಯಲ್ಲಿ ಮಗುಚುವ ಕೈ ಹಿಡಿದು, ಬಲಗೈಯಿಂದ ಅಕ್ಷತೆ ಎಸೆದರು. ಮೀಸೆಯ ತುಂಬ ಹಿಟ್ಟು.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ವಕೀಲರು ಬಂದು ನಾಲ್ಕು ಸಲ ನೋಡಿದರು. ಆಮೇಲೆ ಅಡುಗೆಯವರಿಗೆ ಫೋನು ಮಾಡಿ, ಮೊದಲು ಮೀಸೆ ಬಿಡ್ರಿ ಎಂದರು.

ಕೋರ್ಟು ವಿಡಿಯೋ ತೆಗೆದುಕೊಳ್ಳಲು ಒಪ್ಪಿತು. ಚಿತ್ರ ತೆಗೆದವನೂ ಸೋದರಮಾವನೂ ಬಂದು ಸಾಕ್ಷಿ ಹೇಳಿದರು. ಆ ಕೈಗಡಿಯಾರ ಮುಂದೆ ಓಡುತ್ತಿರಬಹುದಲ್ಲ ಎಂದು ಸರ್ಕಾರಿ ವಕೀಲರು ಕೇಳಿದ್ದಕ್ಕೆ ಆ ಹಿರಿಯರಿಗೆ ಆದ ಅವಮಾನ ಅಷ್ಟಿಷ್ಟಲ್ಲ. ಸಿಗ್ನಲ್ ಕೊಡುವಾಗಿನ ಹಾಗೆ ನೆಟ್ಟಗೆ ನಿಂತು, ಬೇಕಾದರೆ ಈಗಲೇ ಹೊಂದಿಸಿ ನೋಡಿ ಎಂದರು. ನ್ಯಾಯಾಧೀಶರು ಗೋಡೆ ಗಡಿಯಾರ ನೋಡಿದರು, ಅವರ ಕೈ ನೋಡಿದರು, ಬರೆದುಕೊಳ್ಳುತ್ತಾ ಹೋದರು. ಒಂಬತ್ತು ನಿಮಿಷದಲ್ಲಿ ಕೋಥರೂಡದಿಂದ ಬಿಬವೇವಾಡಿಗೆ ಹೋಗಬಹುದಲ್ಲ ಎಂಬ ವಾದ ಬಂದಾಗ ಮಾತ್ರ ಪೆನ್ನು ಕೆಳಗಿಟ್ಟರು.

'ನಾನೂ ಕೋಥರೂಡದಿಂದಲೇ ಬರುತ್ತೇನೆ' ಅಂದರು.

ಹಿಂದಿನ ಬೆಂಚಿನವರೆಗೂ ನಗು ಹಬ್ಬಿತು. ತೀರ್ಪಿನಲ್ಲಿ ಅವರು ಬರೆದದ್ದು ಇಷ್ಟು: ಹೆಂಗಸು ಸುಳ್ಳು ಹೇಳಿಲ್ಲ, ಆದರೆ ರಸ್ತೆಯಾಚೆಯಿಂದ ಗದ್ದಲದ ನಡುವೆ ಕ್ಷಣಮಾತ್ರ ಕಂಡ ಮುಖ ಅದು. ಹತ್ತು ಜನರ ನಡುವೆ ನಿಲ್ಲಿಸಿ ಗುರುತಿಸಿ ಎಂದು ಪೊಲೀಸರು ಕೇಳಿಯೂ ಇಲ್ಲ. ಶಿಕ್ಷೆ ರದ್ದಾಯಿತು. ಅಡುಗೆಯವರು ಹೊರಗೆ ಬಂದು ನನ್ನನ್ನು ಒಂದೇ ಮಾತು ಕೇಳಿದರು.

'ಅವ್ವಾರ, ಆ ಬಳಿ ಅಂಗಡಿ ಅಕ್ಕಾರಿಗೆ ನಾ ಅಲ್ಲ ಅಂತ ಯಾರರೆ ಹೇಳ್ತಾರೇನ್ರಿ?'

ಸಾಕ್ಷಿದಾರರಿಗೆ ತೀರ್ಪು ತಲುಪಿಸುವ ಪದ್ಧತಿ ಇಲ್ಲ. ಹಾಗಾಗಿ ನಾನೇ ಹೋಗಿ ಹೇಳಿದೆ. ಆಕೆ, ಕಂಡದ್ದನ್ನೇ ಹೇಳಿದ್ದೆ ಎಂದರು. ಕೋರ್ಟೂ ಹಾಗೇ ಬರೆದಿದೆ ಎಂದೆ. ಬಳೆಗಳನ್ನು ಜೋಡಿಸುತ್ತಾ, ಆ ಅಡುಗೆಯವರಿಗೆ ಮಕ್ಕಳೆಷ್ಟು ಎಂದು ಕೇಳಿದರು. ಹೆಣ್ಣುಮಗು ಒಂದು ಎಂದದ್ದಕ್ಕೆ ಒಂದು ಡಜನ್ ಸಣ್ಣ ಬಳೆ ಕಾಗದದಲ್ಲಿ ಸುತ್ತಿ ಕೊಟ್ಟರು.

ಅಡುಗೆಯವರು ತೆಗೆದುಕೊಂಡರು. ಅವರ ಹೆಂಡತಿ ಮಾತ್ರ ಪೊಟ್ಟಣವನ್ನು ಬಿಚ್ಚದೆ ಹಲಗೆಯ ಮೇಲಿಟ್ಟರಂತೆ. ನಾಗರ ಪಂಚಮಿಯ ದಿನ ಹೆಂಡತಿಯೇ ಅದನ್ನು ಕೆಳಗಿಳಿಸಿ ಮಗಳ ಕೈಗೆ ಏರಿಸಿದರೆಂದು ಅಡುಗೆಯವರು ಫೋನಿನಲ್ಲಿ ಹೇಳಿದರು.