ಮೆಣಸಿನಕಾಯಿ ಹಿಡಿದು ಕ್ಷಮೆ ಕೇಳಿದ್ದು

2020ರ ಏಪ್ರಿಲ್. ಟೋಕಿಯೋದ ಓಜಿಮಾದಲ್ಲಿ ನಾವು ಮನೆ ಮಾಡಿ ಆರು ತಿಂಗಳಾಗಿತ್ತು. ಕೊರೋನಾದಿಂದಾಗಿ ಊರಿನ ಪಾರ್ಸೆಲ್ ನಿಂತು ಸಾರಿನ ಪುಡಿ ಮುಗಿಯಿತು. ಸಾರಿಲ್ಲದೆ ಊಟ ಮಾಡುವವಳು ನಾನಲ್ಲ. ಮನೆಯಲ್ಲೇ ಪುಡಿ ಮಾಡಲೆಂದು, ಇದ್ದ ಬ್ಯಾಡಗಿ ಮೆಣಸಿನಕಾಯಿಯನ್ನು ಮೂರು ದಿನ ಬೆಳಿಗ್ಗೆ ಸ್ವಲ್ಪಸ್ವಲ್ಪವಾಗಿ ಹುರಿದೆ. ಅಡುಗೆಮನೆಯ ಫ್ಯಾನು ಹೊಗೆಯನ್ನೆಲ್ಲ ಕಾರಿಡಾರಿಗೆ ತಳ್ಳುತ್ತಿತ್ತು. ಅತ್ತ ನನ್ನ ಗಮನವೇ ಇರಲಿಲ್ಲ.

ಪಕ್ಕದ ಮನೆಯಲ್ಲಿ ತನಾಕಾ ಸಾನ್ ಎಂಬ ಅಜ್ಜಿ ಒಬ್ಬರೇ ಇದ್ದರು. ಮೂರನೆಯ ದಿನ ಅವರ ಬಾಗಿಲ ಮೇಲೊಂದು ಚೀಟಿ ಕಂಡಿತು. ಜಪಾನಿ ಬಲ್ಲ ನನ್ನ ಗಂಡ ಓದಿ ಹೇಳಿದರು: "ಮೂರು ದಿನದಿಂದ ಕೆಮ್ಮು. ತೊಂದರೆಗೆ ಕ್ಷಮಿಸಿ. ಯಾರೂ ಹತ್ತಿರ ಬರಬೇಡಿ." ಅವರ ಮಗಳು ತಂದಿಟ್ಟುಹೋಗಿದ್ದ ತರಕಾರಿ ಚೀಲ ಬಾಗಿಲ ಬಳಿ ಹಾಗೇ ಇತ್ತು.

ನಮ್ಮ ಮನೆಯೊಳಗೆ ಕಾಲಿಟ್ಟವರೇ ಇವರೂ ಕೆಮ್ಮತೊಡಗಿದರು. "ಏನೇ ಇದು ಘಾಟು!"

ಆ ಕೆಮ್ಮು ಕೇಳಿದ್ದೇ ನನಗೆ ಹೊಳೆಯಿತು. "ರೀ, ಅಜ್ಜಿಗೆ ಕೊರೋನಾ ಅಲ್ಲ, ನನ್ನ ಮೆಣಸಿನಕಾಯಿ! ಹೋಗಿ ಹೇಳ್ಬೇಕು."

"ನಿಜವಾಗ್ಲೂ ಕೊರೋನಾನೇ ಇದ್ರೆ? ಸುಮ್ನಿರು. ಕಂಪ್ಲೇಂಟ್ ಆದ್ರೆ ಮನೆ ಖಾಲಿ ಮಾಡ್ಬೇಕಾಗುತ್ತೆ."

"ಆದ್ರೆ ಆಗ್ಲಿ. ಪಾಪ, ಒಬ್ರೇ ಹೆದರ್ಕೊಂಡು ಕೂತಿದ್ದಾರೆ. ನಾನಂತೂ ಹೋಗೋಳೇ."

ಜಪಾನಿನಲ್ಲಿ ಕ್ಷಮೆ ಕೇಳಲು ಬರಿಗೈಲಿ ಹೋಗುವುದಿಲ್ಲ. ಅಂದವಾಗಿ ಕಾಗದ ಸುತ್ತಿದ ಸಿಹಿಯ ಡಬ್ಬಿಯನ್ನು ಎರಡೂ ಕೈಯಲ್ಲಿ ಕೊಡಬೇಕು. ಡಬ್ಬಿ ತಂದೆ. ಆದರೆ ಆ ದಿನಗಳಲ್ಲಿ ಕೈಗೆ ಕೊಡುವಂತಿಲ್ಲವಲ್ಲ! ಡಬ್ಬಿಯನ್ನೂ ಅದರ ಮೇಲೆ ಎರಡು ಹುರಿದ ಮೆಣಸಿನಕಾಯಿಯನ್ನೂ ಹೊಸ್ತಿಲ ಮುಂದಿಟ್ಟು, ಬೆಲ್ ಒತ್ತಿ, ದೂರ ನಿಂತು ಸೊಂಟ ಬಗ್ಗಿಸಿದೆ. ಬಾಗಿಲು ಒಂಚೂರು ತೆರೆಯಿತು. "ಸುಮಿಮಾಸೆನ್", ಕ್ಷಮಿಸಿ, ಎಂದೆ. ಮುಂದಿನ ಮಾತು ಬಾರದೆ, ಮೆಣಸಿನಕಾಯಿ ತೋರಿಸಿ ಕೆಮ್ಮಿ ತೋರಿಸಿದೆ.

ಅಜ್ಜಿ ಬೆದರಿ ಹಿಂದೆ ಸರಿದರು. ಕೊರೋನಾ ಕಾಲದಲ್ಲಿ ಯಾರ ಮನೆ ಮುಂದೆಯೂ ಮಾಡಬಾರದ್ದನ್ನೇ ನಾನು ಮಾಡಿದ್ದೆ! ತಡೆಯಲಾಗದೆ ಇವರು ಬಂದು ಜಪಾನಿಯಲ್ಲಿ ಎಲ್ಲ ವಿವರಿಸಿದರು.

ಅಜ್ಜಿ ಒಂದು ಮೆಣಸಿನಕಾಯಿ ಎತ್ತಿಕೊಂಡು, ಮಾಸ್ಕ್ ಸರಿಸಿ ಮೂಸಿದರು. ಕೆಮ್ಮಿದರು. ಮತ್ತೆ ಮೂಸಿ, ಮತ್ತೆ ಕೆಮ್ಮಿ, ನಗತೊಡಗಿದರು. ಕಣ್ಣಲ್ಲಿ ನೀರು. ಏನೋ ಹೇಳಿದರು.

"ಈಗ್ಲೇ ಮಗಳಿಗೆ ಫೋನ್ ಮಾಡ್ತಾರಂತೆ" ಎಂದರು ಇವರು. ನನಗೂ ಅಳು ಬಂತು.

ಅಂದಿನಿಂದ ಹುರಿಯುವ ಮೊದಲು ಅವರ ಬೆಲ್ ಒತ್ತುತ್ತಿದ್ದೆ. ಅವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಮರುವರ್ಷ, ನಾವು ಬ್ರೆಡ್ಡಿನಲ್ಲೇ ತಿಂಡಿ ಮುಗಿಸಿದ ಒಂದು ಬೆಳಿಗ್ಗೆ, ಅವರೇ ಬೆಲ್ ಒತ್ತಿದರು. ಮುಖದಲ್ಲಿ ಗಾಬರಿ. ಅಷ್ಟು ಹೊತ್ತಿಗೆ ಅವರ ಮಾತು ನನಗೆ ತಿಳಿಯುತ್ತಿತ್ತು.

"ಇವತ್ತು ನಿಮ್ಮನೆ ವಾಸನೆ ಬರ್ಲಿಲ್ಲ. ನೀವು ಅಡುಗೆ ಮಾಡಿಲ್ವೋ, ನನ್ನ ಮೂಗೇ ಹೋಯ್ತೋ?"

ಕೊರೋನಾ ಬಂದರೆ ವಾಸನೆಯೇ ತಿಳಿಯದೆ ಹೋಗುತ್ತದಲ್ಲ! ಒಳಗೆ ಓಡಿ ಎಣ್ಣೆ ಕಾಯಿಸಿ ಸಾಸಿವೆ, ಇಂಗು, ಮೆಣಸಿನಕಾಯಿ ಹಾಕಿದೆ. ಕಾರಿಡಾರಿನಲ್ಲಿ ಅಜ್ಜಿ ಕೆಮ್ಮಿದರು, ಹಿಂದೆಯೇ ನಕ್ಕರು. ಆ ವರ್ಷಗಳಲ್ಲಿ ನಾನು ಕೇಳಿ ನೆಮ್ಮದಿಪಟ್ಟ ಕೆಮ್ಮು ಅದೊಂದೇ.